ಕೋಚ್ ಮೀಸೆಯ ಅರ್ಧ ಭಾಗ

“ನಮ್ಮ ಏಣಿ ಫ್ರೀ ಥ್ರೋ ತಪ್ಪಿಸಿದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಓಡಾಡ್ತೀನಿ!”

ಫೈನಲ್ ದಿನ ಕಾಲೇಜು ಕ್ಯಾಂಟೀನಿನಲ್ಲಿ ಕೋಚ್ ಹೀಗೆ ಸಾರಿದರು, ಎದುರು ತಂಡದವರ ಕಿವಿಗೂ ಬೀಳುವಂತೆ. ಆ ಮೀಸೆಯೇನು ಸಾಮಾನ್ಯದ್ದಲ್ಲ. ಅವರು ಬಾಗಿಲು ದಾಟುವ ಮೊದಲೇ ಅದು ಒಳಗೆ ಹೋಗಿ ಕುರ್ಚಿ ಹಿಡಿಯುತ್ತಿತ್ತು.

ಏಣಿ ಅಂದರೆ ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲೆಲ್ಲ ಉದ್ದದವನು, ರಿಂಗಿನ ಹತ್ತಿರ ಆಡುವ ಫಾರ್ವರ್ಡ್. ಮೊದಲೆರಡು ವರ್ಷ ಅವನು ರಿಂಗಿನತ್ತ ಹಾರಿದರೆ, ಕೆಳಗಿಳಿಯುವಷ್ಟರಲ್ಲಿ ಎದುರಾಳಿಗಳು ನೀರು ಕುಡಿದು, ಲೇಸು ಬಿಗಿದುಕೊಂಡು, ಮನೆಗೊಂದು ಫೋನನ್ನೂ ಮಾಡಿ ಮುಗಿಸುತ್ತಿದ್ದರು. ಆಮೇಲೊಮ್ಮೆ ಇಳಿಯುವಾಗ ಬಲಮಂಡಿ ಹೊರಳಿತು. ಆಪರೇಷನ್ ಆಯಿತು. ಇನ್ನೊಮ್ಮೆ ಹಾಗೇ ಹಾರಿ ಬಿದ್ದರೆ ಕೋಲೇ ಗತಿ ಎಂದರು ಡಾಕ್ಟರು.

ಇವನು ಕೋಲು ಹಿಡಿದರೆ ಅಪ್ಪನನ್ನು ಎತ್ತುವವರು ಯಾರು? ಬಸ್ ಡ್ರೈವರಾಗಿದ್ದ ಅಪ್ಪನಿಗೆ ಡಿಪೋದಲ್ಲಿ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ. ಅಮ್ಮ ತೀರಿಕೊಂಡಿದ್ದಳು. ಮಂಚದಿಂದ ಗಾಲಿಕುರ್ಚಿಗೆ, ಅಲ್ಲಿಂದ ಬಚ್ಚಲಿಗೆ, ಎಲ್ಲ ಏಣಿಯ ತೋಳಿನಲ್ಲೇ. ಎರಡೂ ಪಾದ ನೆಲಕ್ಕೂರಿ, ಉಸಿರು ಕಟ್ಟಿ, ಒಂದೇ ಸಲಕ್ಕೆ ಎತ್ತಬೇಕು.

“ಆಡಪ್ಪಾ, ಬೇಡ ಅನ್ನಲ್ಲ. ಹಾರ್ಬೇಡ ಅಷ್ಟೇ,” ಎಂದಿದ್ದರು ಅಪ್ಪ. “ನಿನ್ನ ಕಾಲೂ ಹೋದ್ರೆ ಇರೋ ಒಂದು ಗಾಲಿಕುರ್ಚಿಗೆ ಇಬ್ರೂ ಜಗಳ ಆಡ್ಬೇಕಾಗುತ್ತೆ.”

ಅದಕ್ಕೇ ಕೋಚ್ ಅವನನ್ನು ಕೊನೆಗಳಿಗೆಯವರೆಗೂ ಅಂಗಳಕ್ಕೆ ಇಳಿಸಲಿಲ್ಲ. ಇಳಿಸಿದ್ದೇ ತಡ, ಚೆಂಡೆಸೆಯುತ್ತಿದ್ದ ಅವನ ಕೈಗೆ ಎದುರಾಳಿಯೊಬ್ಬ ಹೊಡೆದ. ಯಾರೂ ಅಡ್ಡ ಬರದಂತೆ ಗೆರೆಯಲ್ಲಿ ನಿಂತು ಎಸೆಯುವ, ತಲಾ ಒಂದಂಕದ ಎರಡು ಫ್ರೀ ಥ್ರೋ ಸಿಕ್ಕವು. ನಾವು ಮೂರಂಕ ಹಿಂದೆ. ಗಡಿಯಾರದಲ್ಲಿ ಉಳಿದದ್ದು ಒಮ್ಮೆ ಸೀನುವಷ್ಟು ಹೊತ್ತು.

ಮೊದಲನೆಯದು ಬಲೆಯೊಳಗೆ ಬಿತ್ತು. ಎರಡನೆಯದೂ ಬಿದ್ದರೆ ಒಂದಂಕದಿಂದ ಸೋಲು. ಅದರ ಬದಲು ರಿಂಗಿಗೆ ಬಡಿದು ಪುಟಿದ ಚೆಂಡನ್ನು ನಮ್ಮವರೇ ಹಿಡಿದು ಹಾಕಿದರೆ ಎರಡಂಕ, ಆಟ ಸಮ.

ಏಣಿ ಪಕ್ಕದ ಗುಂಡುವಿನತ್ತ ಬಾಗಿದ. ತಂಡದಲ್ಲೆಲ್ಲ ಗಿಡ್ಡ ಇವನೇ.

“ಎಡಕ್ಕೆ ಪುಟಿಯುತ್ತೆ. ನೀನು ಹಾರು.”

“ನಾನಾ? ನಾನು ಹಾರಿದ್ರೆ ಯಾರಿಗೂ ಗೊತ್ತೇ ಆಗಲ್ವಲ್ಲೋ!”

“ಅದೇ ಬೇಕಾಗಿರೋದು.”

ಎಸೆದ. ರಿಂಗು ಠಣ್ಣೆಂದಿತು. “ಹಾರೋ ಏಣಿ!” ಗ್ಯಾಲರಿಯೇ ಎದ್ದು ಕಿರುಚಿತು. ಮುಂದಿನ ಸಾಲಿನಲ್ಲಿ ಅಪ್ಪ ಗಾಲಿಗಳನ್ನು ಬೆರಳು ಬಿಳಿಚುವಂತೆ ಹಿಡಿದಿದ್ದರು. ಏಣಿಯ ಮಂಡಿ ಹಳೇ ಚಾಳಿಗೆ ತಾನೇ ಬಾಗಿತು. ಎದುರಾಳಿಗಳು ಮೂವರು ಅವನೊಬ್ಬನನ್ನೇ ಮುತ್ತಿಕೊಂಡು ಹಾರಿದರು.

ಅವನು ಎರಡೂ ಪಾದ ನೆಲಕ್ಕೂರಿ, ಉಸಿರು ಕಟ್ಟಿ ನಿಂತ. ಅಪ್ಪನನ್ನು ಎತ್ತುವಾಗ ನಿಲ್ಲುವ ಹಾಗೆ.

ಗುಂಡು ಹಾರಿದ. ನೆಲಕ್ಕೂ ಅವನ ಬೂಟಿಗೂ ನಡುವೆ ಒಂದು ಹಾಳೆ ತೂರಿಸಬಹುದಿತ್ತೇನೋ. ಚೆಂಡು ಮಾತ್ರ ಅವನ ಕೈಗೇ ಬಂತು, ಕೈಯಿಂದ ಬಲೆಗೆ ಹೋಯಿತು, ಸೀಟಿ ಮೊಳಗಿತು.

ಹೆಚ್ಚಿಗೆ ಕೊಟ್ಟ ಐದು ನಿಮಿಷದಲ್ಲಿ ನಾವೇ ಗೆದ್ದೆವು. ಕೋಚ್ ಬೆವರೊರೆಸುತ್ತಾ ಓಡಿಬಂದರು. “ಲೇ, ಬೇಕಂತ ತಪ್ಪಿಸಿ ನನ್ನ ಜೀವ ಬಾಯಿಗೆ ತಂದ್ಯಲ್ಲೋ!”

ಏಣಿ ಅಪ್ಪನ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸುತ್ತಾ, ತಲೆಯೆತ್ತದೆ ಕೇಳಿದ:

“ಎಡಗಡೆದಾ ಸಾರ್, ಬಲಗಡೆದಾ?”