ಅತ್ತೆಗೆ ಕೆಟ್ಟ ವ್ಯಾನೇ ಇಷ್ಟ

“ಹೊಸದು ಬೇಡ, ಆ ಕೆಟ್ಟಿರೋದನ್ನೇ ವಾಪಸ್ ಹಾಕ್ಬಿಡಪ್ಪಾ!” ಪೀಣ್ಯದ ಗ್ಯಾರೇಜಿನಲ್ಲಿ ನಮ್ಮತ್ತೆ ಹೀಗೆಂದಾಗ ಮೆಕ್ಯಾನಿಕ್ ಕಕ್ಕಾಬಿಕ್ಕಿಯಾದ.

ನಮ್ಮ ವ್ಯಾನಿನದು ಆಟೊಮ್ಯಾಟಿಕ್ ಗೇರು. ಗೇರು ಬದಲಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೆಟ್ಟು, ಹೊಸದು ಬರುವ ತನಕ ವ್ಯಾನ್ ಒಂದೇ ಗೇರಿನಲ್ಲಿ ತೆವಳುತ್ತಿತ್ತು. ನನಗೆ ಅದು ತಲೆನೋವು, ಅತ್ತೆಗೆ ಹಬ್ಬ. ಹಿಂದೊಮ್ಮೆ ಬಸ್ ಅಪಘಾತದಲ್ಲಿ ಪೆಟ್ಟು ತಿಂದ ಮೇಲೆ ಯಾವ ವಾಹನ ಹತ್ತಿದರೂ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದ ಅವರು, ಈ ತೆವಳುವ ವ್ಯಾನಿನಲ್ಲಿ ಮಾತ್ರ ಕಿಟಕಿ ಪಕ್ಕ ಕೂತು ತುಮಕೂರು ರಸ್ತೆಯ ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದರು.

ಮೆಕ್ಯಾನಿಕ್ ನಗುತ್ತಲೇ ಹೊಸ ಮಾಡ್ಯೂಲ್ ಕೂರಿಸಿದ. ಬಾಗಲಗುಂಟೆಯ ಮನೆಗೆ ಹೊರಟೆವು. ವ್ಯಾನ್ ಸರಾಗವಾಗಿ ಮುನ್ನುಗ್ಗಿದ್ದೇ ತಡ, ಅತ್ತೆ ಸೀಟು ಹಿಡಿದು ಕಣ್ಣು ಮುಚ್ಚಿದರು. ನಾನು ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಹಿಂದಿನ ಲಾರಿಗಳು ಹಾರ್ನ್ ಬಾರಿಸತೊಡಗಿದವು. ಅತ್ತೆ ಒಂದು ಕಣ್ಣು ತೆರೆದು, “ಇದೂ ಕೆಟ್ಟೋಯ್ತೇನೇ?” ಎಂದರು. ದನಿಯಲ್ಲಿ ಎಂಥ ಆಸೆ!

“ಹೂಂ ಅತ್ತೆ, ಇದೂ ಕೆಟ್ಟೋಯ್ತು” ಎಂದೆ.

ಇದಾಗಿ ಎಷ್ಟೋ ಕಾಲವಾಯಿತು. ಅತ್ತೆ ಹತ್ತಿದ ದಿನ ನಮ್ಮ ವ್ಯಾನ್ ಇಂದಿಗೂ ಕೆಟ್ಟೇ ಇರುತ್ತದೆ. ಅವರು ಇಳಿದ ಮೇಲಷ್ಟೇ ರಿಪೇರಿಯಾಗುತ್ತದೆ.