ನೀಲವ್ವನ ತಾಟು ಮತ್ತು ನಮ್ಮ ಮನೆಯ ಕ್ರಿಸ್‌ಮಸ್

ಹೋದ ವರ್ಷ ಕ್ರಿಸ್‌ಮಸ್ ಮುಗಿದ ಮೇಲೆ ನಮ್ಮ ಅತ್ತೆ ಮಧ್ಯಾಹ್ನದ ನಿದ್ದೆ ಬಿಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಯಾರ ದಾರಿ ಕಾಯುತ್ತಿದ್ದರು ಗೊತ್ತೇ? ತಾಟಿನ ದಾರಿ.

ಹೌದು, ಸ್ಟೀಲ್ ತಾಟು. ಊಟ ಮಾಡುವ ತಾಟು.

ಗೋಕಾಕದ ನಮ್ಮ ಓಣಿಯಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆ ನಮ್ಮದೊಂದೇ. ಚರ್ಚಿನಿಂದ ಬಂದ ಕೂಡಲೇ ಅತ್ತೆ ಸಾಲಾಗಿ ತಾಟು ಜೋಡಿಸಿ, ಕರ್ಚಿಕಾಯಿ, ಚಕ್ಕಲಿ, ಬೇಸನ್ ಉಂಡಿ ತುಂಬಿ, ಮೇಲೆ ತಾವೇ ಹೆಣೆದ ಬಿಳಿ ಕ್ರೋಶಾ ಬಟ್ಟೆ ಮುಚ್ಚಿ ಮನೆಮನೆಗೆ ಕಳಿಸುತ್ತಿದ್ದರು. ತಾಟು ಅಂದೇ ತಿರುಗಿ ಬರುವುದಿಲ್ಲ. ಒಂದೆರಡು ದಿನ ಬಿಟ್ಟು ಬರುತ್ತದೆ. ಬರಿದಾಗಿಯೂ ಬರುವುದಿಲ್ಲ. (ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಖಾಲಿ ತಾಟು ತಿರುಗಿಸುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.) ತಾಟಿನ ಜೊತೆ ಆ ಮನೆಯಾಕೆ ಬರುತ್ತಾಳೆ. ಕೂರುತ್ತಾಳೆ. ಚಹಾ ಆಗುತ್ತದೆ. ಹೊಸ ವರ್ಷ ಬರುವ ತನಕ ನಮ್ಮ ಪಡಸಾಲೆಯಲ್ಲಿ ಹಬ್ಬ ನಡೆದೇ ಇರುತ್ತದೆ.

ನಾನು ಸೊಸೆಯಾಗಿ ಬಂದಾಗ ಈ ಹಬ್ಬಕ್ಕೆ ನನ್ನದೂ ಒಂದಿರಲಿ ಎಂದು ಕೇಕ್ ಮಾಡಿದೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ಕಲಿಸಿದ್ದು. ಪಾತೇಲಿಯಲ್ಲಿ ಉಸುಕು ಕಾಯಿಸಿ, ಅದರೊಳಗೆ ಡಬ್ಬಿ ಇಟ್ಟು ಬೇಯಿಸಿದ ಕೇಕು. ಅತ್ತೆ ಒಂದು ತುಂಡು ತಿಂದರು. “ಭಾಳ ಚಲೋ ಆಗೇತಿ. ಆದ್ರ ತತ್ತಿ ಹಾಕಿದ್ದು ಓಣಿಗೆ ಬ್ಯಾಡವಾ” ಎಂದರು. ಅಕ್ಕಪಕ್ಕದಲ್ಲಿ ಮೊಟ್ಟೆ ಮುಟ್ಟುವವರಿಲ್ಲ. ಹಾಗಾಗಿ ನನ್ನ ಕೇಕು ಇಷ್ಟು ವರ್ಷ ನಮ್ಮ ಹೊಸ್ತಿಲು ದಾಟಲಿಲ್ಲ.

ದಾಟಿಸಿದವಳು ನನ್ನ ಸೊಸೆ ಶಿಲ್ಪಾ.

ಹುಕ್ಕೇರಿ ತಾಲ್ಲೂಕಿನ ಯಮಕನಮರಡಿ ಹುಡುಗಿ. ಮೂಡಲಗಿಯ ಬ್ಯಾಂಕೊಂದರಲ್ಲಿ ನೌಕರಿ. ಹೋದ ವರ್ಷ ನಮ್ಮ ಮನೆಯಲ್ಲಿ ಅವಳ ಮೊದಲ ಕ್ರಿಸ್‌ಮಸ್. ಮೂಡಲಗಿ ಬೇಕರಿಯಿಂದ ಎಗ್‌ಲೆಸ್ ಕೇಕು ತಂದಳು, ಮನೆಗೊಂದು ಬಾಕ್ಸ್, ಬಾಕ್ಸಿಗೊಂದು ಕೆಂಪು ರಿಬ್ಬನ್. ಓಣಿಯವರಿಗೆ ಖುಷಿ. ನನಗೆ ಇನ್ನೂ ಖುಷಿ. (ಎಣ್ಣೆಯ ಬಾಣಲೆ ಮುಂದೆ ನಿಲ್ಲುವುದು ತಪ್ಪಿತಲ್ಲ!)

ಆದರೆ ಬಾಕ್ಸನ್ನು ಯಾರು ತಿರುಗಿಸಲು ಬರುತ್ತಾರೆ? ಯಾರೂ ಬರಲಿಲ್ಲ. ಮೊಣಕಾಲು ನೋವಿನಿಂದ ಅತ್ತೆಗೆ ಮೆಟ್ಟಿಲು ಇಳಿಯಲಾಗುವುದಿಲ್ಲ. ಓಣಿಯೇ ಅವರ ಬಳಿ ಬರಬೇಕು. ಅವರು ದೂರಲಿಲ್ಲ. ಬಂದವರಿಗೆಂದು ತಬಕಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಕಾದು, ಸಂಜೆ ಒಣಗಿದ ಎಲೆಗಳನ್ನು ತಾವೇ ಆರಿಸಿ ತೆಗೆದರು.

ಈ ವರ್ಷವೂ ಹಬ್ಬದ ಹಿಂದಿನ ದಿನ ಬಾಕ್ಸುಗಳು ಬಂದವು. ಅತ್ತೆ ರಿಬ್ಬನ್ ಸವರಿ ಕೇಳಿದರು: “ಈ ಡಬ್ಬಿ ತಿರುಗಿ ಕೊಡಾಕ ಯಾರರೆ ಬರ್ತಾರೇನವಾ?”

“ಇಲ್ಲ ಆಯಿ, ಒಗದ ಬಿಡ್ತಾರ” ಎಂದು ನಕ್ಕಳು ಶಿಲ್ಪಾ. ಅತ್ತೆ ನಗಲಿಲ್ಲ. ಶಿಲ್ಪಾ ನನ್ನ ಮುಖ ನೋಡಿದಳು. ಅಡುಗೆಮನೆಯಲ್ಲಿ ಅವಳಿಗೆ ಎಲ್ಲ ಹೇಳಿದೆ. ಅವಳು ಸ್ಟೂಲ್ ಹತ್ತಿ ಅಟ್ಟದಿಂದ ತಾಟುಗಳನ್ನು ಇಳಿಸಿದಳು. ತಿಕ್ಕುತ್ತ ತಿಕ್ಕುತ್ತ ಒಮ್ಮೆಲೇ ಕೂಗಿದಳು.

“ಆಯಿ, ಇದರ ಮ್ಯಾಲೆ ‘ನೀಲವ್ವ’ ಅಂತ ಹೆಸರ ಐತಿ. ಕಳುವಿನ ಮಾಲೇನು?”

“ಹುಚ್ಚಿ! ನೀಲವ್ವ ಬಾಜೂ ಮನ್ಯಾಗ ಇದ್ದಾಗ ಹೋಳಗಿ ಹಾಕಿ ಕಳಿಸಿದ್ಲು. ಬರೇ ತಾಟು ಹೆಂಗ ತಿರುಗಿಸೂದಂತ ಇಟ್ಟೆ. ಹಂಗ ಉಳೀತು. ನಂದೂ ಒಂದು ಆಕಿ ಕಡೆ ಐತಿ.”

ನೀಲವ್ವ ಅತ್ತೆಯ ವಾರಿಗೆಯ ಗೆಳತಿ. ಈಗ ಮಕ್ಕಳ ಜೊತೆ ಮೇಲವಂಕಿಯ ಹೊಲದ ಮನೆಯಲ್ಲಿದ್ದಾರೆ. ಊರು ಬಿಟ್ಟರೂ ಕ್ರಿಸ್‌ಮಸ್ ತಾಟಿನ ನೆಪದಲ್ಲಿ ವರ್ಷಕ್ಕೊಮ್ಮೆ ಬರುತ್ತಿದ್ದರು. ಹೋದ ವರ್ಷ ಅವರಿಗೂ ಬಾಕ್ಸೇ ಹೋಗಿತ್ತು.

ಹಬ್ಬದ ದಿನ ಕೇಕಿನ ತುಂಡುಗಳು ತಾಟಿಗೆ ಬಂದವು. ಮೇಲೆ ಅದೇ ಕ್ರೋಶಾ ಬಟ್ಟೆ. ಶಿಲ್ಪಾ ನೀಲವ್ವನ ಕೇಕನ್ನು ನೀಲವ್ವನ ತಾಟಿನಲ್ಲೇ ಇಟ್ಟು ನನ್ನ ಮಗನ ಬೈಕಿನಲ್ಲಿ ಕಳಿಸಿದಳು. ಅವರ ವಸ್ತು ಅವರಿಗೆ ಮುಟ್ಟಲಿ ಎಂದು. ನಾನೂ ತಲೆಯಾಡಿಸಿದೆ. (ಪಡೆದದ್ದನ್ನು ತಪ್ಪದೆ ಹಿಂದಿರುಗಿಸಿ ಎಂದು ಮಾರಲ್ ಸೈನ್ಸಿನಲ್ಲಿ ಕಲಿತವಳಲ್ಲವೇ?)

ಸಂಜೆ ಅತ್ತೆಗೆ ತಿಳಿಯಿತು. “ಆಕಿ ತಾಟು ಆಕಿಗೇ ಮುಟ್ಟಿದ ಮ್ಯಾಲೆ ಆಕಿ ಇನ್ನ ಯಾಕ ಬರ್ತಾಳವಾ?” ಎಂದರು. ಶಿಲ್ಪಾಳ ಮುಖ ಸಣ್ಣದಾಯಿತು.

ಉಳಿದ ತಾಟುಗಳು ಬಂದವು. ಒಂದರಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಗುರೆಳ್ಳು ಹಿಂಡಿ, ಇನ್ನೊಂದರಲ್ಲಿ ಹೊಲದ ಹಸಿ ಕಡಲೆ. ಪಡಸಾಲೆ ತುಂಬಿತು. ಅತ್ತೆ ನಕ್ಕರು, ಹರಟಿದರು. ಕಣ್ಣು ಮಾತ್ರ ಬಾಗಿಲಲ್ಲೇ.

ನಾಲ್ಕನೆಯ ದಿನ ಬಾಗಿಲಲ್ಲಿ ಆಟೋ ನಿಂತಿತು. ಚಪ್ಪಲಿ ಕಳೆಯುವ ಮೊದಲೇ ನೀಲವ್ವನ ದನಿ.

“ಏನ ಮರಿಯವ್ವಾ! ನನ್ನ ತಾಟು ತಿರುಗಿ ಕಳಿಸೀಯಲ್ಲ, ಸಂಬಂಧ ಮುಗಿಸಿದೇನು? ನಾ ಇನ್ನೂ ಸತ್ತಿಲ್ಲ!”

“ಸಾಯೂ ಮಂದಿ ಇಷ್ಟ ಒದರೂದಿಲ್ಲ. ಒಳಗ ಬಾ” ಎಂದರು ಅತ್ತೆ.

ನೀಲವ್ವ ಗಂಟು ಬಿಚ್ಚಿದರು. ‘ಮರಿಯವ್ವ’ ಎಂದು ಹೆಸರು ಹಾಕಿಸಿದ ತಾಟು, ತುಂಬ ಶೇಂಗಾ ಹೋಳಿಗೆ. “ತಗೋ. ನಿಂದು ನಿನಗ.”

ಅತ್ತೆ ಹೋಳಿಗೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಂಡು ತಾಟನ್ನು ಆಚೆ ತಳ್ಳಿದರು. “ಹೋಳಗಿ ನಂದು. ತಾಟು ನಾ ಒಲ್ಲೆ.”

“ನಾನ ಕಳಿಸಿದ್ದು ಆಯಿ, ನಂದ ತಪ್ಪಾತ್ರಿ” ಎಂದು ಶಿಲ್ಪಾ ನಡುವೆ ಬಂದಳು.

ನೀಲವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ನೀ ಏನು ಮೊಮ್ಮಗನ ಹೇಂತಿ? ಕೇಕ್ ಚಲೋ ಇತ್ತು ಬಿಡು. ತತ್ತಿ ಇರಲಿಲ್ಲ ಹೌದಿಲ್ಲೊ?”

“ಇಲ್ರಿ, ಖರೇನ ಇಲ್ರಿ.”

“ಹಂಗಾದ್ರ ಇನ್ನೆರಡ ತುಂಡ ಹಾಕು.”

ಶಿಲ್ಪಾ ‘ಮರಿಯವ್ವ’ ತಾಟಿಗೇ ಕೇಕು ಹಾಕಿ ಬಟ್ಟೆ ಮುಚ್ಚಿದಳು. ದೀಪ ಹಚ್ಚುವ ಹೊತ್ತಿಗೆ ನೀಲವ್ವ ಅದನ್ನು ಹಿಡಿದು ಎದ್ದರು. “ನನ್ನ ತಾಟಿನ್ಯಾಗ ಸಂಕ್ರಾಂತಿಗೆ ಎಳ್ಳ ಹೋಳಗಿ ತರ್ತೇನಿ. ಮತ್ತ ತಿರುಗಿ ಕಳಿಸಿದ್ರ ನೋಡ!”

ಅಂದು ಅತ್ತೆ ಬಾಗಿಲಿನ ಕುರ್ಚಿ ಮಡಿಸಿ ಒಳಗಿಡಲು ಹೇಳಿದರು.

ಅತ್ತೆ ಕರ್ಚಿಕಾಯಿ ಕಳಿಸಿದರು. ನನ್ನ ಕೇಕು ಮನೆಯಲ್ಲೇ ಉಳಿಯಿತು. ಶಿಲ್ಪಾಳದು ಮೇಲವಂಕಿ ತನಕ ಹೋಯಿತು. ನಮ್ಮ ಕಾಲದಲ್ಲಿ ಹಿಂಗಿರಲಿಲ್ಲ ಎಂದು ರಾಗ ಎಳೆಯಲು ನನಗೆ ಬಾಯಿಯೇ ಇಲ್ಲ. ಮೊನ್ನೆ ಅವಳು ಪಾತ್ರೆ ಅಂಗಡಿಯಿಂದ ಹೊಸ ತಾಟುಗಳನ್ನು ತಂದಿದ್ದಾಳೆ. ಎಲ್ಲದರ ಮೇಲೂ ‘ಶಿಲ್ಪಾ’ ಎಂದು ಹೆಸರು.

“ಇಷ್ಟ್ಯಾಕ?” ಎಂದೆ.

“ಓಣ್ಯಾಗ ಕಳಕೊಳ್ಳಾಕ ಬೇಕಲ್ರಿ ಅತ್ತಿ!”

ಅಂದ ಹಾಗೆ, ನಿಮ್ಮ ಮನೆಯ ತಾಟು ಈಗ ಯಾರ ಮನೆಯಲ್ಲಿದೆ?