ಟವೆಲ್ಲಿನ ಕೆಳಗಿನ ಕೈ

ಈ ಮಾತನ್ನು ಪ್ರತಿ ಚಳಿಗಾಲದಲ್ಲೂ ಬರೆಯಬೇಕೆಂದುಕೊಂಡು, ಬಿಸಿಲು ಚುರುಕಾದೊಡನೆ ಮರೆತವನಂತೆ ಇದ್ದುಬಿಟ್ಟಿದ್ದೇನೆ. ಈಗ ವಯಸ್ಸಾಯಿತು. ಇನ್ನು ಮುಂದೂಡುವಂತಿಲ್ಲ.

ಮಿರಜದ ಕುರಿ ಸಂತೆಯಲ್ಲಿ ನಾವಿಬ್ಬರೂ ದಲಾಲರು. ಹತ್ತಿರದ ಆರಗ ಎಂಬ ಹಳ್ಳಿಯಿಂದ ಬರುತ್ತಿದ್ದ ಅವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಕಂಡ ಕಂಡ ಟಗರಿನ ಗದ್ದ ಹಿಡಿದು, "ಏನ್ ಪಾಟೀಲ್ರ, ಅರಾಮ ಇದ್ದೀರಿ?" ಎಂದು ವಿಚಾರಿಸುವನು. ಕೊಳ್ಳಲು ಬಂದವರು ನಕ್ಕರೆ, "ನಗಬ್ಯಾಡ್ರಿ, ದರ ಏರತೈತಿ" ಎನ್ನುವನು. ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹೊದಿಸಿ, ಬೆರಳು ಒತ್ತಿ ತಿಳಿಸುತ್ತೇವೆ. ಟವೆಲ್ಲಿನ ಕೆಳಗೆ ನಡೆದದ್ದು ಅಲ್ಲಿಯೇ ಉಳಿಯಬೇಕು.

ಇಷ್ಟು ಮಾತಿನ ಮನುಷ್ಯ ಚಳಿ ಬಿದ್ದೊಡನೆ ಮಂಕಾಗುತ್ತಿದ್ದ. ಕಂಬಳಿ ಹೊದ್ದು ಬಿಸಿಲು ಬೀಳುವ ಗೋಡೆಗೆ ಒರಗಿ ಕೂತು, ಬಿಸಿಲು ಸರಿದಂತೆ ತಾನೂ ಸರಿಯುತ್ತಿದ್ದ. "ಜ್ವರ ಇಲ್ಲ, ಏನಿಲ್ಲ. ಒಳಗ ಮಬ್ಬು ಕವಕೊಂಡಂಗ ಆಗೇತಿ. ಬಾ, ಕುಂದರು, ಏನರ ಮಾತಾಡು" ಎನ್ನುತ್ತಿದ್ದ. ಚಹಾ ಮುಗಿಯುವವರೆಗೆ ಯಾರಾದರೂ ಮಾತಾಡಿದರೆ ಎದ್ದು ಕೆಲಸಕ್ಕೆ ಬರುತ್ತಿದ್ದ. ಯುಗಾದಿಯ ಹೊತ್ತಿಗೆ ಟಗರುಗಳ ಯೋಗಕ್ಷೇಮ ಮತ್ತೆ ಶುರು.

ನನ್ನ ಹೆಂಡತಿ ತೀರಿಕೊಂಡ ಬಳಿಕ ಮೊದಲ ಸಲ ಸಂತೆಗೆ ಹೋದಾಗ, ಎಲ್ಲರೆದುರು ನನ್ನ ಕೈ ನಡುಗತೊಡಗಿತು. ಅಣ್ಣ ಥಟ್ಟನೆ ಟವೆಲ್ ಹೊದಿಸಿ ಕೈ ಹಿಡಿದುಕೊಂಡ. ಒಂದು ಬೆರಳನ್ನೂ ಒತ್ತಲಿಲ್ಲ. ಹತ್ತಿರ ಬಂದವರಿಗೆ, "ಯವಾರ ನಡದೈತಿ, ಸರೀರಿ ಆ ಕಡೆ" ಎಂದು ಗದರಿಸಿದ. ನಡುಕ ನಿಲ್ಲುವವರೆಗೂ ಬಿಡಲಿಲ್ಲ.

ಕೆಲವು ವರ್ಷಗಳ ನಂತರ, ಸಂಕ್ರಾಂತಿಗೆ ಮುಂಚಿನ ಸಂತೆ. ಸಾಂಗಲಿಯಿಂದ ದೊಡ್ಡ ಗಿರಾಕಿ ಬಂದಿದ್ದ. ಅಣ್ಣ ಮಾರುವವರ ಪರ, ನಾನು ಆ ಗಿರಾಕಿಯ ಪರ. ಟವೆಲ್ಲಿನ ಕೆಳಗೆ ಅಣ್ಣನ ಕೈ ತಣ್ಣಗಿತ್ತು. ದರ ಹೇಳದೆ, ನನ್ನ ಅಂಗೈ ಹಿಡಿದು ಸುಮ್ಮನೆ ನಿಂತ. ಅದು ಆ ಚಳಿಗಾಲದ ಮಬ್ಬೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಗಿರಾಕಿ ನೋಡುತ್ತಿದ್ದಾನೆಂದು ಟವೆಲ್ ಕಿತ್ತೆಸೆದೆ.

"ನೋಡ್ರಿ ಇವನ್ನ! ಯವಾರಕ್ಕ ಬಂದಾನೋ, ಕೈ ಹಿಡಕೊಂಡು ನಿಂದರಾಕ ಬಂದಾನೋ?"

"ಇಬ್ಬರದೂ ಮದವಿ ಮಾಡ್ರಿ!" ಎಂದು ಯಾರೋ ಕೂಗಿದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅಣ್ಣ ಟವೆಲ್ ಎತ್ತಿಕೊಂಡು ಧೂಳು ಕೊಡವಿದ. "ಆತು ಬಿಡು ತಮ್ಮಾ. ನಿನ್ನ ಗಿರಾಕಿ ಕಾಯಾಕತ್ತಾನ ನೋಡು" ಎಂದು ಆರಗದ ಬಸ್ಸಿನತ್ತ ನಡೆದ.

ಅವನು ಮತ್ತೆ ಸಂತೆಗೆ ಬರಲಿಲ್ಲ. ಬೇಸಿಗೆ ಬರಲಿ, ಅವನೇ ಬರುತ್ತಾನೆ ಎಂದುಕೊಂಡೆ. ಬೇಸಿಗೆ ಬಂದಾಗ, ಮಳೆಗಾಲ ಮುಗಿಯಲಿ ಎಂದುಕೊಂಡೆ. ಮುಂದಿನ ಚಳಿಯಲ್ಲಿ ನ್ಯುಮೋನಿಯಾ ಆಗಿ ಅವನು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದೆ. ಅವನ ಮಗಳು, "ಕಾಕಾ, ಅಪ್ಪ ದಿನಾ ಬಿಸಿಲಾಗ ಕುಂತು ಬಸ್ಸಿನ ದಾರಿ ನೋಡತಿದ್ರು. ತಮ್ಮ ಬಂದ ಅಂದ್ರ ಏನರ ಮಾತಾಡತಾನ ಅಂತಿದ್ರು" ಎಂದಳು.

ಈಗ ಚಳಿಗಾಲ ಬಂದರೆ ನನ್ನೊಳಗೂ ಅದೇ ಮಬ್ಬು. ಅವನಂತೆಯೇ ಗೋಡೆಗೆ ಒರಗಿ, ಬಿಸಿಲಿನ ಜೊತೆ ಸರಿಯುತ್ತೇನೆ. ಹಾದುಹೋಗುವವರನ್ನು ಕರೆದು ಕೂರಿಸಿಕೊಂಡು ಏನೇನೋ ಮಾತಾಡುತ್ತೇನೆ. ತಪ್ಪಾಯಿತು ಎಂಬ ಮಾತನ್ನು ಮಾತ್ರ ಒಬ್ಬನೆದುರೇ ಆಡಬೇಕಿತ್ತು, ಆಡಲಿಲ್ಲ. ಆರಗದ ಮಾಳಪ್ಪಣ್ಣನೆದುರು.